ತವರಿಗೆ ನಲವತ್ತು ಯೂನಿಟ್

ಪೆಟ್ರೋಲ್ ಹಾಕಿಸಿದಾಗಲೆಲ್ಲ ಅಪ್ಪ ಒಂದು ಪುಟ್ಟ ಡೈರಿಯಲ್ಲಿ ಬರೆದಿಡುತ್ತಿದ್ದರು. ತಾರೀಕು, ಊರು, ಎಷ್ಟು ಲೀಟರ್, ಮೀಟರಿನಲ್ಲಿ ಎಷ್ಟು ಕಿಲೋಮೀಟರ್. ಬೆಂಗಳೂರಿನಿಂದ ಸಾಗರದ ಕಡೆ ಹೊರಟಾಗ ಟ್ಯಾಂಕು ಅರ್ಧಕ್ಕಿಂತ ಹೆಚ್ಚಿದ್ದರೂ ನಮ್ಮ ಪದ್ಮಿನಿ ಕಾರು ತಿಪಟೂರಿನ ಬಂಕಿನಲ್ಲಿ ನಿಲ್ಲಲೇಬೇಕಿತ್ತು. ‘ಸ್ಟಾಕ್ ಇಲ್ಲ’ ಎಂಬ ಬೋರ್ಡನ್ನು ಬೇಕಾದಷ್ಟು ಸಲ ಕಂಡಿದ್ದ ಮನುಷ್ಯ ಅವರು. ಮುಂದಿನ ಬಂಕನ್ನು ನಂಬಿ ಈಗಿನ ಬಂಕನ್ನು ದಾಟುತ್ತಿರಲಿಲ್ಲ.

ಆ ಡೈರಿಯ ಕೊನೆಯಲ್ಲಿ ಹದಿನೈದಿಪ್ಪತ್ತು ಹಾಳೆ ಖಾಲಿ ಉಳಿದಿದ್ದವು. ಭೂಮಿ ಹುಣ್ಣಿಮೆಗೆ ತವರಿಗೆ ಹೋಗಬೇಕೆಂದು ಅಮ್ಮ ಹಟ ಹಿಡಿದಾಗ, ಹೊರಡುವ ಹಿಂದಿನ ರಾತ್ರಿ ಕಪಾಟಿನಿಂದ ಆ ಡೈರಿಯನ್ನೇ ತೆಗೆದುಕೊಂಡು ಬಂದಳು. “ನಿನ್ನ ಕರೆಂಟು ಕಾರಿನ ಲೆಕ್ಕ ಹೇಳು, ಬರ್ಕೊತೀನಿ” ಅಂದಳು.

ಲೆಕ್ಕ ಹೀಗಿತ್ತು. ನಮ್ಮ ಕಾರಿನ ಬ್ಯಾಟರಿ ನಲವತ್ತು ಯೂನಿಟ್ಟಿನದು. ಮನೆಯ ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್. ಹೆದ್ದಾರಿಯಲ್ಲಿ, ಎ.ಸಿ. ಹಾಕಿಕೊಂಡು, ಮೂವರು ಕುಳಿತು ಹೊರಟರೆ ಯೂನಿಟ್ಟಿಗೆ ಏಳು ಕಿಲೋಮೀಟರ್ ಎಂದು ಹಿಡಿಯಬಹುದು. ಅಂದರೆ ಪೂರ್ತಿ ತುಂಬಿದರೆ 280 ಕಿಲೋಮೀಟರ್. ಶೋರೂಮಿನಲ್ಲಿ ಹೇಳುವ ಅಂಕಿ ಇದಕ್ಕಿಂತ ಬಹಳ ದೊಡ್ಡದು, ಆದರೆ ಅದು ಪರೀಕ್ಷೆಯ ಯಂತ್ರದ ಮೇಲೆ ಓಡಿದ ಕಾರಿನ ಅಂಕಿ. ದಾರಿಯ ಲೆಕ್ಕಕ್ಕೆ ಅದನ್ನು ತರಬಾರದು. ಅಮ್ಮನ ತವರು ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆ. ಬೆಂಗಳೂರಿನಿಂದ ಹತ್ತಿರ ಹತ್ತಿರ 410 ಕಿಲೋಮೀಟರ್. ಕಾಗದದ ಮೇಲೆ ಒಂದು ನಿಲುಗಡೆ ಸಾಕು. ನಾನು ಎರಡು ಹಾಕಿದೆ: ತಿಪಟೂರು ಮತ್ತು ಶಿವಮೊಗ್ಗ.

ಎರಡಾಗಲು ಕಾರಣ ಬ್ಯಾಟರಿಗಿಂತ ಹೆಚ್ಚಾಗಿ ಅಮ್ಮ. ಸಕ್ಕರೆ ಕಾಯಿಲೆಯವಳು. ಬೆಳಿಗ್ಗೆ ಮಾತ್ರೆ ನುಂಗಿದ ಅರ್ಧ ಗಂಟೆಗೆ ಹೊಟ್ಟೆಗೆ ಏನಾದರೂ ಬೀಳಬೇಕು. ಎರಡು ಗಂಟೆಗೊಮ್ಮೆ ಬಚ್ಚಲಿಗೆ ಹೋಗಬೇಕು. ಮೊಣಕಾಲು ಹಿಡಿದುಕೊಳ್ಳದಂತೆ ಆಗಾಗ ಇಳಿದು ನಾಲ್ಕು ಹೆಜ್ಜೆ ನಡೆಯಬೇಕು. ಹಾಗಾಗಿ ಒಂದೇ ಹಾಳೆಯಲ್ಲಿ ಎರಡು ಸಾಲು ಬರೆದೆವು. ಮೇಲೆ ಕಾರಿನದು, ಕೆಳಗೆ ಅಮ್ಮನದು. ಎರಡೂ ಒಂದೇ ಜಾಗದಲ್ಲಿ ಕೂಡುವ ಊರುಗಳನ್ನು ಹುಡುಕಿದೆವು. ಚಾರ್ಜರ್‌ಗಳ ಪಟ್ಟಿ ಮಾಡುವ ಎಷ್ಟೋ ಆ್ಯಪ್‌ಗಳಿವೆ. ಎಷ್ಟು ಕಿಲೋವ್ಯಾಟ್, ಯಾವ ನಮೂನೆಯ ಗನ್, ಯೂನಿಟ್ಟಿಗೆ ಎಷ್ಟು ರೂಪಾಯಿ ಎಲ್ಲ ತೋರಿಸುತ್ತವೆ. ಅಲ್ಲಿ ಹೆಂಗಸರಿಗೆ ಶೌಚಾಲಯ ಇದೆಯೋ, ಇದ್ದರೆ ಬೀಗ ಹಾಕಿದೆಯೋ, ರಾತ್ರಿ ದೀಪ ಉರಿಯುತ್ತದೆಯೋ ಎಂಬುದನ್ನು ತಿಳಿಯಲು ಮಾತ್ರ ಫೋನ್ ಮಾಡಿಯೇ ಕೇಳಬೇಕಾಯಿತು. ಪೆಟ್ರೋಲಾದರೆ ಐದು ನಿಮಿಷದ ಕೆಲಸ, ಹೇಗೋ ಆಗುತ್ತದೆ. ಮುಕ್ಕಾಲು ಗಂಟೆ ಕೂರಿಸುವ ಜಾಗದಲ್ಲಿ ಬಚ್ಚಲಿಲ್ಲದಿದ್ದರೆ ಅದು ನಿಲ್ಲುವ ಜಾಗವೇ ಅಲ್ಲ.

ಫೋನ್ ಮಾಡುವುದು ನನಗೆ ಮೊದಲ ಎರಡು ಪ್ರಯಾಣಗಳು ಕಲಿಸಿದ ಪಾಠ. ಆ್ಯಪ್‌ನಲ್ಲಿ ಹಸಿರು ಚುಕ್ಕೆ ಇದ್ದರೆ ಚಾರ್ಜರ್ ಕೆಲಸ ಮಾಡುತ್ತದೆ ಎಂದಲ್ಲ, ಕೆಟ್ಟಿದೆ ಎಂದು ಯಾರೂ ಇನ್ನೂ ತಿಳಿಸಿಲ್ಲ ಎಂದು ಮಾತ್ರ. ನಿಜ ಗೊತ್ತಿರುವುದು ಅಲ್ಲಿನ ಹೋಟೆಲಿನ ಕ್ಯಾಷಿಯರಿಗೆ, ರಾತ್ರಿ ಪಾಳಿಯ ವಾಚ್‌ಮನ್‌ಗೆ. ಶಿವಮೊಗ್ಗದಲ್ಲಿ ಎರಡು ಕಡೆ ಮಾತಾಡಿಕೊಂಡೆ, ಮೊದಲನೆಯದು ಕೈಕೊಟ್ಟರೆ ಎರಡನೆಯದು ಇರಲಿ ಎಂದು. ಮೊದಲನೆಯದನ್ನು ತಲುಪಿದಾಗ ಎರಡನೆಯದಕ್ಕೆ ಹೋಗುವಷ್ಟು ಚಾರ್ಜು ಉಳಿದಿರಬೇಕು, ಇದನ್ನು ಅಮ್ಮ ಅಡಿಗೆರೆ ಎಳೆದು ಬರೆದಳು.

ಬೆಳಗಿನ ಐದಕ್ಕೆ ಹೊರಟೆವು. ನಾನು, ಅಮ್ಮ, ಹಿಂದಿನ ಸೀಟಿನಲ್ಲಿ ನಿದ್ದೆಗಣ್ಣಿನ ಮಗ. ತುಮಕೂರು ದಾಟುವ ಹೊತ್ತಿಗೆ ಬೆಳಕು ಹರಿದಿತ್ತು. ಇಲ್ಲಿಂದ ಮುಂದಿನದು ಬಿ.ಎಚ್. ರಸ್ತೆ, ಬೆಂಗಳೂರು–ಹೊನ್ನಾವರ ರಸ್ತೆ. ಹೆದ್ದಾರಿಯ ನಂಬರು ಬದಲಾದರೂ ತುಮಕೂರಿನಲ್ಲಿ, ಶಿವಮೊಗ್ಗದಲ್ಲಿ ಅಂಗಡಿಗಳ ಬೋರ್ಡಿನ ಮೇಲೆ ಹೆಸರು ಹಾಗೇ ಉಳಿದಿದೆ. ಗಂಟೆಗೆ ಎಂಬತ್ತು ದಾಟದಂತೆ ಓಡಿಸಿದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಎಂಬತ್ತರಿಂದ ನೂರಕ್ಕೆ ಹೋದರೆ ಆ ತಡೆ ಒಂದೂವರೆ ಪಟ್ಟಿಗಿಂತ ಹೆಚ್ಚು. ಪೆಟ್ರೋಲ್ ಕಾರಿನಲ್ಲೂ ಇದೇ ನಿಯಮ ನಡೆಯುತ್ತದೆ, ಆದರೆ ಅಲ್ಲಿ ಯಾರೂ ಮುಳ್ಳು ಇಳಿಯುವುದನ್ನು ನೋಡುತ್ತ ಕೂರುವುದಿಲ್ಲ. ಇಲ್ಲಿ ಪ್ರತಿ ಪರ್ಸೆಂಟೂ ಕಣ್ಣೆದುರಿಗೆ ಕರಗುತ್ತದೆ.

ತಿಪಟೂರಿಗೆ ಬಂದಾಗ 49 ಪರ್ಸೆಂಟ್. ಗನ್ ಸಿಕ್ಕಿಸಿ ಪಕ್ಕದ ಹೋಟೆಲಿಗೆ ಹೋದೆವು. ಅಮ್ಮ ಮಾತ್ರೆ ನುಂಗಿದಳು, ಇಡ್ಲಿ ತಿಂದಳು, ಅಂಗಳದಲ್ಲಿ ಒಣಹಾಕಿದ್ದ ಕೊಬ್ಬರಿಯ ರಾಶಿಯ ಸುತ್ತ ಎರಡು ಸುತ್ತು ಬಂದಳು. ಕಾರಿನ ಬಳಿ ನಿಂತು, “ಪೆಟ್ರೋಲ್ ಕಾರು ಮೊದಲು ಬಂದಾಗ ಬಂಕ್ ಎಲ್ಲಿತ್ತು ಮಗಾ?” ಎಂದು ಕೇಳಿದಳು.

ಎಲ್ಲೂ ಇರಲಿಲ್ಲ. 1888ರ ಆಗಸ್ಟಿನಲ್ಲಿ ಜರ್ಮನಿಯ ಮ್ಯಾನ್‌ಹೈಮ್‌ನಿಂದ ಬರ್ತಾ ಬೆಂಜ್ ಎಂಬಾಕೆ ಗಂಡ ಕಾರ್ಲ್ ಬೆಂಜ್‌ಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮೂರು ಗಾಲಿಯ ಮೋಟಾರು ಗಾಡಿ ಹೊರಡಿಸಿದಳು. ನೂರು ಕಿಲೋಮೀಟರ್ ದಾಟಿದ ದಾರಿ ಅದು. ಅಷ್ಟು ದೂರ ಯಾರೂ ಆವರೆಗೆ ಮೋಟಾರಿನಲ್ಲಿ ಹೋಗಿರಲಿಲ್ಲ. ಇಂಧನ ಮುಗಿಯುತ್ತ ಬಂದಾಗ ವೀಸ್‌ಲಾಕ್ ಎಂಬ ಊರಿನ ಔಷಧದ ಅಂಗಡಿಯಲ್ಲಿ, ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರಾಯಿನ್ ಎಂಬ ದ್ರವ ಕೊಂಡು ತುಂಬಿಸಿಕೊಂಡಳು. ಲೋಕದ ಮೊದಲ ಪೆಟ್ರೋಲ್ ಬಂಕ್ ಎಂದು ಇಂದಿಗೂ ಆ ಅಂಗಡಿಯನ್ನು ಕರೆಯುತ್ತಾರೆ. ಆಕೆ ಹೋದದ್ದು ಫೋರ್ಟ್ಸ್‌ಹೈಮ್‌ಗೆ, ತಾಯಿಯನ್ನು ನೋಡಲು.

“ತವರಿಗಾ!” ಅಂದಳು ಅಮ್ಮ. ಡೈರಿಯಲ್ಲಿ ತಿಪಟೂರಿನ ಸಾಲಿನ ಪಕ್ಕದಲ್ಲಿ ಬರ್ತಾಳ ಹೆಸರನ್ನೂ ಬರೆದುಕೊಂಡಳು.

ನಲವತ್ತು ನಿಮಿಷಕ್ಕೆ 85 ಆಯಿತು. ಅಲ್ಲಿಗೇ ಗನ್ ತೆಗೆದೆ. ಎಂಬತ್ತರ ಮೇಲೆ ಬ್ಯಾಟರಿ ನಿಧಾನವಾಗಿ ತುಂಬುತ್ತದೆ. ಹಬ್ಬದ ಹಿಂದಿನ ದಿನ ಮೆಜೆಸ್ಟಿಕ್‌ನಲ್ಲಿ ಬಸ್ಸು ತುಂಬುವ ಹಾಗೆ: ಮೊದಲು ಹತ್ತಿದವರು ಸರಸರ ಕೂರುತ್ತಾರೆ, ಕೊನೆಯವರು ಒಬ್ಬೊಬ್ಬರಾಗಿ ಸೀಟು ಹುಡುಕಬೇಕು, ಒತ್ತಿ ತುರುಕಿದರೆ ಬಸ್ಸಿಗೇ ಕೇಡು. ಮುಂದೆ ಚಾರ್ಜರ್ ಇರುವ ದಾರಿಯಲ್ಲಿ ಎಂಬತ್ತೋ ಎಂಬತ್ತೈದೋ ಸಾಕು. ಇಲ್ಲದ ದಾರಿಯಲ್ಲಿ ಕಾದು ತುಂಬಿಸಿಕೊಳ್ಳಬೇಕು.

ಅರಸೀಕೆರೆ, ಕಡೂರು, ಬೀರೂರು, ತರೀಕೆರೆ ಹಿಂದೆ ಸರಿದವು. ಹೋಗುವ ದಿಕ್ಕು ಒಟ್ಟಾರೆ ಇಳಿಜಾರೇ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿದೆ, ಶಿವಮೊಗ್ಗ 600ಕ್ಕೂ ಕೆಳಗೆ. ನಮ್ಮ ಕಾರನ್ನು ಮೂವರ ಸಮೇತ ಅಷ್ಟು ಎತ್ತರಕ್ಕೆ ಎತ್ತಲು ಒಂದೂವರೆ ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು ಬೇಕು. ಹೋಗುವಾಗ ಅದು ಉಳಿತಾಯ, ಬರುವಾಗ ಸಾಲ ತೀರಿಸಬೇಕು. ವಾಪಸಿನ ಹಾಳೆಯಲ್ಲಿ ಆ ನಾಲ್ಕು ಪರ್ಸೆಂಟನ್ನು ಮೊದಲೇ ಬರೆದಿಟ್ಟಿದ್ದೆವು.

ಶಿವಮೊಗ್ಗದ ಮೊದಲ ಚಾರ್ಜರಿನಲ್ಲಿ ಒಂದು ಗನ್ ಸತ್ತಿತ್ತು. ಇನ್ನೊಂದಕ್ಕೆ ಟ್ಯಾಕ್ಸಿ ಹಾಕಿ ಚಾಲಕ ಮಲಗಿದ್ದರು, ಅವರ ಹಿಂದೆ ಇನ್ನೊಂದು ಕಾರು ಕಾಯುತ್ತಿತ್ತು. ನಮ್ಮಲ್ಲಿ 31 ಪರ್ಸೆಂಟ್. ಕಾಯದೆ ಸಾಗರ ರಸ್ತೆಯ ಹೋಟೆಲಿಗೆ ಹೊರಟೆ. ಹಿಂದಿನ ರಾತ್ರಿ ಮಾತಾಡಿದ್ದ ವಾಚ್‌ಮನ್ ಪಾಳಿ ಮುಗಿದರೂ ಮನೆಗೆ ಹೋಗದೆ ಗೇಟಿನ ಬಳಿ ನಿಂತಿದ್ದರು. “ಅಕ್ಕಾ, ನೀವೇ ಅಲ್ವಾ ಫೋನ್ ಮಾಡಿದ್ದು? ಅಮ್ಮ ಬರ್ತಾರೆ ಅಂದಿದ್ರಲ್ಲ, ಕೆಳಗಿನ ರೂಮಿನ ಬಾತ್‌ರೂಮ್ ಬೀಗ ತೆಗೆಸಿಟ್ಟಿದೀನಿ” ಅಂದರು. ಚಾರ್ಜರಿನ ಮುಂದೆ ಬೇರೆ ಗಾಡಿ ನಿಲ್ಲದ ಹಾಗೆ ಎರಡು ಕುರ್ಚಿ ಅಡ್ಡ ಇಟ್ಟಿದ್ದರು. ಯಾವ ನಕ್ಷೆಯಲ್ಲೂ ಕಾಣಿಸದ ವ್ಯವಸ್ಥೆ ಇದು. ನಾವು ಸುಖವಾಗಿ ಊರು ಮುಟ್ಟಿದ್ದರಲ್ಲಿ ಆ ಎರಡು ಕುರ್ಚಿಗಳ ಪಾಲು ದೊಡ್ಡದು.

ಇಲ್ಲಿ ಮಾತ್ರ 95ರವರೆಗೆ ತುಂಬಿಸಿದೆ, ಒಂದೂವರೆ ಗಂಟೆ ಹಿಡಿಯಿತು. ಸಾಗರದಲ್ಲಿ ಒಂದು ಚಾರ್ಜರ್ ಇದೆಯೆಂದು ಆ್ಯಪ್ ತೋರಿಸುತ್ತಿತ್ತು, ಆದರೆ ಆ ನಂಬರಿಗೆ ಯಾರೂ ಫೋನ್ ಎತ್ತಿರಲಿಲ್ಲ. ಹಿನ್ನೀರಿನ ಆಚೆ ನಮ್ಮ ಪಟ್ಟಿಯಲ್ಲಿ ಒಂದೂ ಇರಲಿಲ್ಲ. ಇಲ್ಲಿಂದ ಸೋದರಮಾವನ ಮನೆಗೆ 125 ಕಿಲೋಮೀಟರ್, ವಾಪಸು ಮತ್ತೆ 125. ಊರಿನಲ್ಲಿ ಒಂದು ಯೂನಿಟ್ಟೂ ಸಿಗಲಿಲ್ಲ ಎಂದುಕೊಂಡರೂ ಶಿವಮೊಗ್ಗಕ್ಕೆ ತೆವಳಿಯಾದರೂ ಬರುವಷ್ಟು ಇರಬೇಕು. ಹೊಳೆ ದಾಟಿಸುವ ದೋಣಿಯವನು ಆಚೆ ದಡದ ಜೊತೆಗೆ ಈಚೆ ದಡವನ್ನೂ ಲೆಕ್ಕ ಹಾಕಿಯೇ ಹುಟ್ಟು ಹಾಕುತ್ತಾನೆ.

ಆಯನೂರು, ಕುಂಸಿ, ಆನಂದಪುರ. ಸಾಗರದಲ್ಲಿ ಹೂವು, ಬಾಳೆಎಲೆ ಕೊಂಡೆವು. ಆವಿನಹಳ್ಳಿ ದಾಟಿದ ಮೇಲೆ ಅಮ್ಮ ಮಾತು ನಿಲ್ಲಿಸಿದಳು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಎದ್ದು ನಿಂತಾಗ ಅಮ್ಮನಿಗೆ ಹನ್ನೆರಡು. ಗದ್ದೆ, ತೋಟ, ಮನೆ, ಶಾಲೆ ಎಲ್ಲ ನೀರಿನಡಿಗೆ ಹೋಯಿತು. ಈ ಸೀಮೆಯಲ್ಲಿ ಅದಕ್ಕೆ ಒಂದೇ ಮಾತು: ಮುಳುಗಡೆ. ನಾ. ಡಿಸೋಜರ ‘ದ್ವೀಪ’ ಓದಿದವರಿಗೆ ಆ ನೀರು ಗೊತ್ತು. ಅಜ್ಜ ಕೆಲವರಂತೆ ದೂರದ ಊರಿಗೆ ಹೋಗಲಿಲ್ಲ. ಮುಳುಗಿದ ಊರಿನ ಮೇಲಿನ ಗುಡ್ಡಕ್ಕೇ ಹತ್ತಿ ಮನೆ ಕಟ್ಟಿದರು. ಊರು ನಡುಗಡ್ಡೆಯಂತಾಯಿತು. ಸಾಗರಕ್ಕೆ ಹೋಗಲು ಲಾಂಚ್ ಬೇಕಿತ್ತು, ಇಲ್ಲವೇ ಬಹು ದೂರದ ಸುತ್ತು. ಅಪ್ಪನ ಡೈರಿಯಲ್ಲಿ ಪೆಟ್ರೋಲಿನ ಲೆಕ್ಕದ ಕೆಳಗೆ ‘ಕೊನೆ ಲಾಂಚ್’ ಎಂದು ಬರೆದು ವೇಳೆ ಹಾಕಿದ ಪುಟಗಳಿವೆ. ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕೆಂದು ತೀರ್ಮಾನಿಸುತ್ತಿದ್ದುದು ಆ ಒಂದು ಸಾಲು. ಬೇಸಿಗೆಯಲ್ಲಿ ನೀರು ಇಳಿದರೆ ಲಾಂಚಿನಲ್ಲಿ ಕಾರು ಹತ್ತಿಸುತ್ತಿರಲಿಲ್ಲ. ಆಗ ಲಿಂಗನಮಕ್ಕಿಗೂ ಮೊದಲು ಕಟ್ಟಿದ್ದ ಮಡೆನೂರಿನ ಅಣೆಕಟ್ಟೆ ನೀರಿನಿಂದ ಮೇಲೆದ್ದು ಕಾಣುತ್ತಿತ್ತು.

2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಎರಡು ಕಿಲೋಮೀಟರಿಗಿಂತ ಉದ್ದದ ಸೇತುವೆ, ನಡುವೆ ಕಂಬಗಳಿಂದ ಇಳಿಬಿಟ್ಟ ತಂತಿಗಳು. ಅರ್ಧ ದಿನ ಕಾಯುತ್ತಿದ್ದ ನೀರನ್ನು ಮೂರು ನಿಮಿಷಕ್ಕೆ ದಾಟಿದೆವು. ಎರಡೂ ಕಡೆ ತುಂಬಿ ನಿಂತ ಹಿನ್ನೀರು. ಅಮ್ಮ ಕಿಟಕಿಯ ಗಾಜು ಇಳಿಸಿದಳು.

ಮಾವನ ಮನೆ ಮುಟ್ಟಿದಾಗ ಸರಿಯಾಗಿ 50 ಪರ್ಸೆಂಟ್. ನಮಗೆ ಆಸರಿಗೆ ಕೊಟ್ಟು ಮುಗಿಸಿದ ಅತ್ತೆ, “ಕಾರಿಗೆ ಎಂತ ಕೊಡಾಣ?” ಎಂದು ಕೇಳಿದರು. ಬಚ್ಚಲಮನೆಯ ಪಕ್ಕ, ಪಂಪಿಗೆಂದು ಹಾಕಿಸಿದ್ದ 15 ಆಂಪಿಯರ್ ಪ್ಲಗ್ ಇತ್ತು. ಅದರಿಂದ ಗಂಟೆಗೆ ಮೂರು ಯೂನಿಟ್ಟಿನ ಹತ್ತಿರ ಏರುತ್ತದೆ. ರಾತ್ರಿ ಒಂಬತ್ತಕ್ಕೆ ಹಾಕಿ ಬೆಳಿಗ್ಗೆ ಐದಕ್ಕೆ ತೆಗೆದರೆ ಬ್ಯಾಟರಿ ಹೆಚ್ಚುಕಡಿಮೆ ತುಂಬಬೇಕು. ಹಾಳೆಯಲ್ಲಿ ಹಾಗೇ ಬರೆದಿತ್ತು.

ಪ್ಲಗ್ ಹಾಕಿದರೆ ಚಾರ್ಜರ್ ಡಬ್ಬಿಯಲ್ಲಿ ಕೆಂಪು ದೀಪ. ಅರ್ಥಿಂಗ್ ಸರಿಯಿಲ್ಲ. ಅರ್ಥಿಂಗ್ ಇಲ್ಲದ ಕಡೆ ಈ ಡಬ್ಬಿಗಳು ಕರೆಂಟನ್ನೇ ಬಿಡುವುದಿಲ್ಲ, ಬಿಡಬಾರದು ಕೂಡ. ಮಾವನ ಮೊಮ್ಮಗ ಟಾರ್ಚ್ ಹಿಡಿದು ಹಿತ್ತಲಿಗೆ ಹೋದ. ಇದ್ದಿಲು, ಉಪ್ಪು ತುಂಬಿ ಸಲಾಕೆ ಹೂತ ಗುಂಡಿ ಒಣಗಿ ಬಿರುಕು ಬಿಟ್ಟಿತ್ತು. ನಾಲ್ಕು ಕೊಡ ನೀರು ಸುರಿದ. ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿದೆವು. ಹಸಿರು ದೀಪ ಹತ್ತಿತು.

ಆದರೆ ಅದು ಭೂಮಿ ಹುಣ್ಣಿಮೆಯ ಹಿಂದಿನ ರಾತ್ರಿ. ಬಸುರಿ ಭೂತಾಯಿಗೆ ಬಯಕೆಯ ಊಟ ಬಡಿಸುವ ಹಬ್ಬ. ಹೆಂಗಸರು ರಾತ್ರಿಯಿಡೀ ಅಡುಗೆ ಮಾಡುತ್ತಾರೆ. ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನ ಚಿತ್ತಾರ ಬರೆದ ಬುಟ್ಟಿಯಲ್ಲಿ ಅದನ್ನು ಬೆಳಗಾಗುವ ಮೊದಲು ಗದ್ದೆಗೆ ಒಯ್ಯಬೇಕು. ಹನ್ನೊಂದಕ್ಕೆ ಅಡುಗೆಮನೆಯಲ್ಲಿ ಗ್ರೈಂಡರ್ ಶುರುವಾಯಿತು. ಊರಿನ ಎಲ್ಲ ಮನೆಗಳಲ್ಲೂ ಅದೇ ಹೊತ್ತು. ಬಲ್ಬು ಮಂಕಾಗಿ ಕಾವಿ ಬಣ್ಣಕ್ಕೆ ತಿರುಗಿತು, ಗ್ರೈಂಡರ್ ನರಳಿತು, ಕಾರಿನ ಚಾರ್ಜರ್ ವೋಲ್ಟೇಜ್ ಸಾಲದೆ ತಾನೇ ನಿಂತು, ಮತ್ತೆ ಶುರುವಾಗಿ, ಮತ್ತೆ ನಿಂತಿತು. ನಾನು ಹೋಗಿ ಪ್ಲಗ್ ಕಿತ್ತೆ. “ಇರ್ಲಿ ಬಿಡೇ, ನಾವು ಒರಳಲ್ಲಿ ರುಬ್ತೀವಿ” ಅಂದರು ಅತ್ತೆ. ನಾನು ಒಪ್ಪಲಿಲ್ಲ.

ಜಗಲಿಯಲ್ಲಿ ಕುಳಿತು ಮಾವ ಕೇಳಿದರು, “ಈ ಕಾರು ಓಡೋಕೆ ಎಷ್ಟು ನೀರು ಬೇಕು?” ಮೊದಲು ನನಗೆ ಅರ್ಥವಾಗಲಿಲ್ಲ. ಅವರ ಲೆಕ್ಕದಲ್ಲಿ ಕರೆಂಟು ಎಂದರೆ ನೀರು. ಈ ಹೊಳೆಯ ನೀರನ್ನೇ ಬಳಸಿ ಜೋಗದ ಬುಡದಲ್ಲಿ 1948ರಿಂದ ವಿದ್ಯುತ್ ತಯಾರಾಗುತ್ತಿದೆ. ಲಿಂಗನಮಕ್ಕಿಯ ನೀರು ತಿರುಗಿಸುವ ಶರಾವತಿ ವಿದ್ಯುದಾಗಾರ 1,035 ಮೆಗಾವ್ಯಾಟಿನದು. ಫೋನಿನಲ್ಲಿ ಗುಣಿಸಿ ನೋಡಿದೆ. ಜೋಗದ ರಾಜಾ ಧಾರೆ 253 ಮೀಟರ್ ಎತ್ತರ. ಎಲ್ಲೂ ಒಂದಿಷ್ಟೂ ನಷ್ಟವಾಗದೆ ಶಕ್ತಿಯೆಲ್ಲ ಕರೆಂಟಾಯಿತು ಎಂದುಕೊಂಡರೂ ಅಷ್ಟೆತ್ತರದಿಂದ ಸುಮಾರು 1,450 ಲೀಟರ್ ನೀರು ಬಿದ್ದರೆ ಒಂದು ಯೂನಿಟ್. ಕಾರು ಏಳು ಕಿಲೋಮೀಟರ್ ಹೋಗುತ್ತದೆ. ಶಿವಮೊಗ್ಗದಿಂದ ಈ ಜಗಲಿಗೆ ಬರಲು 26 ಸಾವಿರ ಲೀಟರ್.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. “ನಮ್ಮ ಮನೆಗೆ ಕರೆಂಟು ಬಂದಿದ್ದು ಮುಳುಗಡೆಯಾಗಿ ಇಪ್ಪತ್ತು ವರ್ಷಕ್ಕೆ. ಅಲ್ಲಿವರೆಗೆ ಚಿಮಣಿ ಬುಡ್ಡಿ. ಆಚೆ ಗುಡ್ಡದ ಮೇಲೆ ಲೈನ್ ಹೋಗೋದು ಕಾಣ್ತಿತ್ತು, ಬೆಂಗಳೂರಿಗೆ” ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಹೊಗೆ ಬಿಡದ ಕಾರು ಎಂದು ಹೆಮ್ಮೆಯಿಂದ ತಂದಿದ್ದೇನೆ, ಆ ಹೆಮ್ಮೆ ಇವತ್ತಿಗೂ ಇದೆ. ಆದರೆ ಚಾರ್ಜರಿನ ಪರದೆಯ ಮೇಲೆ ಯೂನಿಟ್ ಏರುವುದನ್ನು ನೋಡುವಾಗ ಆ ಗುಡ್ಡದ ಮೇಲಿನ ತಂತಿಯೂ ನೆನಪಾಗುತ್ತದೆ.

ಎರಡು ಗಂಟೆಯ ಮೇಲೆ ಗ್ರೈಂಡರ್ ನಿಂತಿತು, ಪ್ಲಗ್ ಮತ್ತೆ ಹಾಕಿದೆ. ನಸುಕಿನಲ್ಲಿ ಎಲ್ಲರೂ ಗದ್ದೆಗೆ ಹೋದೆವು. ಪೈರಿಗೆ ಪೂಜೆ ಮಾಡಿ, ತಂದ ಅಡುಗೆಯನ್ನು ಗದ್ದೆಯ ತುಂಬ ಬೀರಿ, ಅಲ್ಲೇ ಕೂತು ಉಂಡೆವು. ಬಂದು ನೋಡಿದರೆ ಏರಿದ್ದು ಎಂಟು ಯೂನಿಟ್, 70 ಪರ್ಸೆಂಟ್. ಹಾಳೆಯಲ್ಲಿ ಬರೆದದ್ದಕ್ಕಿಂತ ಬಹಳ ಕಡಿಮೆ, ಶಿವಮೊಗ್ಗಕ್ಕೆ ಧಾರಾಳ. 95ಕ್ಕೆ ತುಂಬಿಸಲು ಕಾದ ಹೊತ್ತಿನ ಬೆಲೆ ಆಗ ತಿಳಿಯಿತು. ಕರೆಂಟಿನ ದುಡ್ಡೆಂದು ನೂರರ ನೋಟು ತೆಗೆದರೆ ಮಾವ ನನ್ನ ಕೈ ಹಿಡಿದು ಜೇಬಿಗೇ ಹಾಕಿಸಿದರು.

ಮಧ್ಯಾಹ್ನ ಹೊರಟೆವು. ಸೇತುವೆ ದಾಟಿ ಅಂಬಾರಗೋಡ್ಲಿನ ದಡಕ್ಕೆ ಬಂದಾಗ ಅಮ್ಮ, “ಇಲ್ಲಿ ಸ್ವಲ್ಪ ನಿಲ್ಸು” ಅಂದಳು. ಅವಳ ಸಾಲಿನಲ್ಲೂ ಕಾರಿನ ಸಾಲಿನಲ್ಲೂ ಇಲ್ಲದ ನಿಲುಗಡೆ. ಹಳೆಯ ಲಾಂಚ್ ಕಟ್ಟೆಯ ಹತ್ತಿರ ಕಾರು ನಿಲ್ಲಿಸಿ ಕೈ ಹಿಡಿದು ಇಳಿಸಿದೆ. ನೀರಿನ ಅಂಚಿನವರೆಗೆ ನಡೆದು, ಕೈ ಎತ್ತಿ, “ಅಲ್ಲಿ, ಆ ಎರಡು ಮರದ ನೇರಕ್ಕೆ. ಶಾಲೆ. ಅದರಿಂದ ಈಚೆಗೆ ನಮ್ಮನೆ” ಎಂದಳು. ನನ್ನ ಮಗ ಅವಳ ಬೆರಳಿನ ಗುರಿ ಹಿಡಿದು ನೋಡಿದ. ನೀರು ಬಿಟ್ಟು ಬೇರೇನೂ ಇರಲಿಲ್ಲ. “ಎಷ್ಟು ದೊಡ್ಡ ಮನೆ ಅಜ್ಜಿ?” ಎಂದು ಕೇಳಿದ. ಅಮ್ಮ ಹೇಳತೊಡಗಿದಳು: ಜಗಲಿ, ನಡುಮನೆ, ಕೊಟ್ಟಿಗೆ, ಹಿತ್ತಲಲ್ಲಿ ಅಪ್ಪೆಮಿಡಿಯ ಮರ.

ಕಾರಿನಲ್ಲಿ ಕೂತ ಮೇಲೆ ಡೈರಿ ಬಿಚ್ಚಿ, ಶಿವಮೊಗ್ಗದ ಸಾಲಿನ ಮೇಲೆ ಇದ್ದ ಸಣ್ಣ ಜಾಗದಲ್ಲಿ ಬರೆದಳು: ಅಂಬಾರಗೋಡ್ಲು, 25 ನಿಮಿಷ. ಯೂನಿಟ್ಟಿನ ಕಾಲಮ್ಮಿನಲ್ಲಿ ಒಂದು ಗೆರೆ ಎಳೆದಳು.